ಬಹುಮತವಿಲ್ಲ, ಆದರೂ ಬೀಳುತ್ತಿಲ್ಲ: ಫ್ರಾನ್ಸ್ ಸರ್ಕಾರದ ವಿಚಿತ್ರ ಲೆಕ್ಕ

2026ರ ಫೆಬ್ರವರಿ 2ರಂದು ಫ್ರಾನ್ಸ್‌ನ ಬಜೆಟ್ ಪಾಸಾಯಿತು. ಆದರೆ ಅಲ್ಲಿನ ಕೆಳಮನೆ ನ್ಯಾಷನಲ್ ಅಸೆಂಬ್ಲಿಯಲ್ಲಿ ಆ ದಿನ ಒಬ್ಬ ಸದಸ್ಯರೂ ಬಜೆಟ್ ಪರವಾಗಿ ಮತ ಹಾಕಲಿಲ್ಲ. ಹಾಕಲು ಅವಕಾಶವೇ ಇರಲಿಲ್ಲ. ಮತಕ್ಕೆ ಬಂದದ್ದು ಪ್ರಧಾನಿ ಸೆಬಾಸ್ಟಿಯನ್ ಲೆಕೊರ್ನು ಅವರ ಸರ್ಕಾರದ ವಿರುದ್ಧದ ಎರಡು ಅವಿಶ್ವಾಸ ಗೊತ್ತುವಳಿಗಳು. ಒಂದಕ್ಕೆ 260 ಮತ ಬಂತು, ಇನ್ನೊಂದಕ್ಕೆ 135. ಬೇಕಿದ್ದದ್ದು 289. ಎರಡೂ ಬಿದ್ದವು. ಅವು ಬಿದ್ದವು ಎಂಬ ಒಂದೇ ಕಾರಣಕ್ಕೆ ಬಜೆಟ್ ಅಂಗೀಕಾರವಾಯಿತು ಎಂದು ಲೆಕ್ಕ.

ಸುದ್ದಿ ಓದಿದವರಿಗೆ ತಲೆ ಕೆಡುವುದು ಸಹಜ. 260 ಮಂದಿ ಎದ್ದು ನಿಂತು ಈ ಸರ್ಕಾರ ಬೇಡ ಎಂದಿದ್ದಾರೆ. ಬೇಕು ಎನ್ನುವ ಪಕ್ಷಗಳನ್ನೆಲ್ಲ ಕೂಡಿಸಿದರೂ ಅಷ್ಟು ಸಂಖ್ಯೆ ಆಗುವುದಿಲ್ಲ. ಹಾಗಿದ್ದರೆ ಸರ್ಕಾರ ನಿಂತಿರುವುದು ಯಾರ ಬಲದ ಮೇಲೆ?

ಉತ್ತರ ಸ್ವಲ್ಪ ವಿಚಿತ್ರವಾಗಿದೆ. ಅದು ನಿಂತಿರುವುದು ಮತ ಹಾಕದೆ ಸುಮ್ನೆ ಕೂತವರ ಬಲದ ಮೇಲೆ.

ಮೂರು ಹೋಳಾದ ಸದನ

2024ರ ಜೂನ್ 9ರಂದು ಐರೋಪ್ಯ ಸಂಸತ್ತಿನ ಚುನಾವಣೆಯಲ್ಲಿ ಅಧ್ಯಕ್ಷ ಇಮ್ಯಾನುಯೆಲ್ ಮ್ಯಾಕ್ರನ್ ಅವರ ಪಕ್ಷ ಹೀನಾಯವಾಗಿ ಸೋತಿತು. ಅಂದೇ ರಾತ್ರಿ ಅವರು ಅಸೆಂಬ್ಲಿಯನ್ನು ವಿಸರ್ಜಿಸಿದರು. ಹಾಗೆ ಮಾಡಬೇಕೆಂದು ಅವರ ಮೇಲೆ ಯಾವ ಒತ್ತಾಯವೂ ಇರಲಿಲ್ಲ. ಜನ ಸ್ಪಷ್ಟ ತೀರ್ಪು ಕೊಡಲಿ ಎಂಬ ಆಸೆ ಇತ್ತು, ಅಷ್ಟೇ. ಜನ ಕೊಟ್ಟದ್ದು ಅದಕ್ಕೆ ಪೂರ್ತಿ ಉಲ್ಟಾ.

577 ಸ್ಥಾನಗಳ ಸದನದಲ್ಲಿ ಎಡಪಕ್ಷಗಳ ಕೂಟಕ್ಕೆ ಸುಮಾರು 180, ಮ್ಯಾಕ್ರನ್ ಬಣಕ್ಕೆ 160ರ ಆಸುಪಾಸು, ಮರೀನ್ ಲೆ ಪೆನ್ ಅವರ ಬಲಪಂಥೀಯ ನ್ಯಾಷನಲ್ ರ್‍ಯಾಲಿ ಮತ್ತು ಅದರ ಮಿತ್ರರಿಗೆ 140ಕ್ಕೂ ಜಾಸ್ತಿ. ಬಹುಮತಕ್ಕೆ 289 ಬೇಕು. ಮೂವರಲ್ಲಿ ಯಾರೂ ಅದರ ಹತ್ತಿರಕ್ಕೂ ಇಲ್ಲ. ಯಾವ ಇಬ್ಬರೂ ಕೂಡಿ ಆಳಲು ತಯಾರಿಲ್ಲ. ಎಡಪಕ್ಷಗಳ ಕೂಟವೂ ಬೇಗನೇ ಒಡೆಯಿತು. ಮೆಲಾನ್‌ಶಾನ್ ಅವರ ಕಡು ಎಡ ಪಕ್ಷ ಎಲ್‌ಎಫ್‌ಐ ಒಂದು ಕಡೆ ಹೋಯಿತು, ಹಳೆಯ ಸೋಷಲಿಸ್ಟ್ ಪಕ್ಷ ಇನ್ನೊಂದು ಕಡೆ. ಮುಂದಿನ ಕಥೆಯೆಲ್ಲ ನಿಂತಿರುವುದು ಈ ಸೋಷಲಿಸ್ಟರ 69 ಸ್ಥಾನಗಳ ಮೇಲೆ.

ಮೊದಲು ಪ್ರಧಾನಿಯಾಗಿ ಬಂದ ಮಿಶೆಲ್ ಬಾರ್ನಿಯೆ ಮೂರು ತಿಂಗಳಲ್ಲಿ ಬಿದ್ದರು. ಆಮೇಲೆ ಬಂದ ಫ್ರಾನ್ಸ್ವಾ ಬೈರೂ ಒಂಬತ್ತು ತಿಂಗಳು ಎಳೆದರು. ಮೂರನೆಯವರಾದ ಲೆಕೊರ್ನು 2025ರ ಅಕ್ಟೋಬರ್ 5ರ ಸಂಜೆ ಸಂಪುಟ ಪ್ರಕಟಿಸಿ ಮರುದಿನ ಬೆಳಿಗ್ಗೆಯೇ ರಾಜೀನಾಮೆ ಕೊಟ್ಟರು. ನಾಲ್ಕೇ ದಿನದಲ್ಲಿ ಮ್ಯಾಕ್ರನ್ ಅವರನ್ನೇ ಮತ್ತೆ ನೇಮಿಸಿದರು. ಆಶ್ಚರ್ಯವೆಂದರೆ, ಎಲ್ಲರೂ ಇವತ್ತೋ ನಾಳೆಯೋ ಎಂದು ಬರೆದುಹಾಕಿದ್ದ ಈ ಮನುಷ್ಯನೇ ಬಜೆಟ್ ದಾಟಿಸಿದ್ದು.

ಮತ ಹಾಕದವರೂ ಸರ್ಕಾರದ ಕಡೆಯೇ

ಈಗ ನಿಯಮಕ್ಕೆ ಬರೋಣ. ಗೊಂದಲದ ಬೇರು ಇರುವುದು ಇಲ್ಲೇ.

ಫ್ರಾನ್ಸ್‌ನಲ್ಲಿ ಪ್ರಧಾನಿಯನ್ನು ಅಧ್ಯಕ್ಷರು ನೇಮಿಸುತ್ತಾರೆ. ನೇಮಕವಾದವರು ಸದನಕ್ಕೆ ಬಂದು ಬಹುಮತ ಸಾಬೀತು ಮಾಡಲೇಬೇಕು ಎಂಬ ಕಟ್ಟುಪಾಡಿಲ್ಲ. ಬೇಡ ಎನ್ನುವವರೇ ಅವರನ್ನು ಕೆಳಗಿಳಿಸಬೇಕು. ಅದಕ್ಕೆ ಸದನದ ಹತ್ತನೇ ಒಂದು ಭಾಗ, ಅಂದರೆ 58 ಸದಸ್ಯರು ಸಹಿ ಹಾಕಿ ಅವಿಶ್ವಾಸ ಗೊತ್ತುವಳಿ ಕೊಡಬೇಕು. 48 ಗಂಟೆ ಕಳೆಯದೆ ಅದನ್ನು ಮತಕ್ಕೆ ಹಾಕುವಂತಿಲ್ಲ.

ಮತದಾನದ ದಿನ ಎಣಿಸುವುದು ಗೊತ್ತುವಳಿಯ ಪರವಾದ ಮತಗಳನ್ನು ಮಾತ್ರ. ವಿರೋಧ ಎಷ್ಟು, ತಟಸ್ಥ ಎಷ್ಟು, ಗೈರು ಎಷ್ಟು ಎಂಬ ಲೆಕ್ಕವೇ ಇಲ್ಲ. ಸದನದ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪರವಾಗಿ ಮತ ಹಾಕಿದರೆ ಸರ್ಕಾರ ಹೋಯಿತು. ಒಂದು ಮತ ಕಡಿಮೆ ಬಿದ್ದರೂ ಉಳಿಯಿತು. ಅಂದು ಮನೆಯಲ್ಲಿ ಮಲಗಿದ್ದವರೂ, ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಿದ್ದವರೂ ಲೆಕ್ಕಕ್ಕೆ ಸರ್ಕಾರದ ಕಡೆಯವರೇ.

ಇದು ಬೇಕೆಂದೇ ಹೀಗೆ ಮಾಡಿದ ನಿಯಮ. 1946ರಿಂದ 1958ರವರೆಗಿನ 12 ವರ್ಷಗಳಲ್ಲಿ ಫ್ರಾನ್ಸ್ 20ಕ್ಕೂ ಹೆಚ್ಚು ಸರ್ಕಾರಗಳನ್ನು ಕಂಡಿತ್ತು. ಕೆಲವು ವಾರಗಳಷ್ಟೇ ಬದುಕಿದವೂ ಇದ್ದವು. ಅದಕ್ಕೆ ರೋಸಿಹೋಗಿ 1958ರಲ್ಲಿ ಆಗಿನ ನಾಯಕ ಡಿ ಗಾಲ್ ಕಾಲದ ಸಂವಿಧಾನ ಬಂತು. ಸರ್ಕಾರ ಬೀಳಿಸುವುದು ಕಷ್ಟವಾಗಬೇಕು ಎಂಬುದೇ ಅದರ ಉದ್ದೇಶ. ಕಷ್ಟವಾಯಿತು ಕೂಡ. 1962ರಲ್ಲಿ ಪೊಂಪಿದೂ ಸರ್ಕಾರ ಬಿದ್ದ ಮೇಲೆ 2024ರ ತನಕ ಯಾವ ಅವಿಶ್ವಾಸ ಗೊತ್ತುವಳಿಯೂ ಗೆಲ್ಲಲಿಲ್ಲ. 1990ರಲ್ಲಿ ಮಿಶೆಲ್ ರೊಕಾರ್ ಅವರ ಅಲ್ಪಮತದ ಸರ್ಕಾರ 5 ಮತಗಳಿಂದ ಬಚಾವಾಯಿತು. 2023ರಲ್ಲಿ ಎಲಿಸಬೆತ್ ಬೋರ್ನ್ ಸರ್ಕಾರ 9 ಮತಗಳಿಂದ.

ಕರ್ನಾಟಕಕ್ಕೆ ಈ ನಿಯಮ ಇದ್ದಿದ್ದರೆ?

ನಮ್ಮಲ್ಲಿ ಲೆಕ್ಕ ಬೇರೆ. ಹಾಜರಿದ್ದು ಮತ ಹಾಕಿದವರಲ್ಲಿ ಯಾರ ಕಡೆ ಜಾಸ್ತಿಯೋ ಅವರು ಗೆದ್ದರು. ಗೈರಾದವರು ಲೆಕ್ಕದಿಂದಲೇ ಹೊರಗೆ. ಹಾಗಾಗಿ ನಮ್ಮಲ್ಲಿ ಗೈರು ಕೂಡ ಸರ್ಕಾರ ಕೆಡವುವ ಆಯುಧ. ರೆಸಾರ್ಟ್ ರಾಜಕಾರಣ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

2019ರ ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿ ವಿಧಾನಸಭೆಯಲ್ಲಿ ವಿಶ್ವಾಸಮತ ಕೇಳಿದರು. ಪರವಾಗಿ 99, ವಿರುದ್ಧ 105. ಸರ್ಕಾರ ಬಿತ್ತು. ರಾಜೀನಾಮೆ ಕೊಟ್ಟು ಮುಂಬೈ ಸೇರಿದ್ದ ಶಾಸಕರು ಬರಲೇ ಇಲ್ಲ. ಈಗ ಇದೇ ಸಂಖ್ಯೆಯನ್ನು ಫ್ರಾನ್ಸ್‌ನ ಅವಿಶ್ವಾಸದ ಅಳತೆಗೆ ಹಿಡಿಯಿರಿ. ನಾಮಕರಣ ಸದಸ್ಯರೂ ಸೇರಿ 225 ಮಂದಿಯ ಸದನ. ಕೆಡವಲು 113 ಬೇಕು. ವಿರುದ್ಧ ಬಿದ್ದದ್ದು 105. ಸರ್ಕಾರ ಉಳಿಯುತ್ತಿತ್ತು!

1999ರ ಏಪ್ರಿಲ್‌ನಲ್ಲಿ ವಾಜಪೇಯಿ ಒಂದೇ ಮತದಿಂದ ಸೋತರು, 269ಕ್ಕೆ 270. ಲೋಕಸಭೆಯ 543 ಚುನಾಯಿತ ಸ್ಥಾನಗಳಲ್ಲಿ ಅರ್ಧ ದಾಟಲೇ 272 ಬೇಕು. 270 ಸಾಲದು. ಅವರೂ ಉಳಿಯುತ್ತಿದ್ದರು. ದೇವೇಗೌಡರ ಕಥೆ ಮಾತ್ರ ಬದಲಾಗುತ್ತಿರಲಿಲ್ಲ. 1997ರ ಏಪ್ರಿಲ್‌ನಲ್ಲಿ ಅವರ ವಿರುದ್ಧ 292 ಮತ ಬಿದ್ದಿತ್ತು. ಯಾವ ತಕ್ಕಡಿಯಲ್ಲಿ ತೂಗಿದರೂ ಅದು ಸೋಲೇ.

ಇಲ್ಲೊಂದು ತಕರಾರು ಎತ್ತಬಹುದು. ಈ ಮೂವರೂ ತಾವಾಗಿ ವಿಶ್ವಾಸಮತ ಮಂಡಿಸಿದವರು. ಫ್ರಾನ್ಸ್‌ನಲ್ಲೂ ಪ್ರಧಾನಿ ತಾವೇ ವಿಶ್ವಾಸಮತ ಕೇಳಿದರೆ ಚಲಾವಣೆಯಾದ ಮತಗಳದ್ದೇ ಲೆಕ್ಕ. ನಿಜ. ಆದರೆ ಅಲ್ಲಿ ಯಾರೂ ಅವರನ್ನು ಕೇಳು ಎಂದು ಒತ್ತಾಯಿಸುವಂತಿಲ್ಲ. ನಮ್ಮಲ್ಲಿ ರಾಷ್ಟ್ರಪತಿಯೋ ರಾಜ್ಯಪಾಲರೋ ಗಡುವು ಕೊಡುತ್ತಾರೆ. ಬಹುಮತ ಇದೆಯೋ ಇಲ್ಲವೋ ಎಂಬುದು ರಾಜಭವನದಲ್ಲಲ್ಲ, ಸದನದಲ್ಲೇ ತೀರ್ಮಾನವಾಗಬೇಕು ಎಂದು 1994ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಎಸ್.ಆರ್. ಬೊಮ್ಮಾಯಿ ಪ್ರಕರಣದಲ್ಲಿ. 1989ರಲ್ಲಿ ಅವರ ಸರ್ಕಾರ ವಜಾ ಆದದ್ದರಿಂದ ಹುಟ್ಟಿದ ತೀರ್ಪು ಅದು. ಅಂದಿನಿಂದ ನಮ್ಮಲ್ಲಿ ಸಂಶಯ ಬಂದರೆ ಸಾಬೀತು ಮಾಡುವ ಹೊರೆ ಸರ್ಕಾರದ್ದು. ಫ್ರಾನ್ಸ್‌ನಲ್ಲಿ ಆ ಹೊರೆ ವಿರೋಧ ಪಕ್ಷದ್ದು.

ಬೈರೂ ಎಡವಿದ್ದು ಇಲ್ಲೇ. 2025ರ ಸೆಪ್ಟೆಂಬರ್ 8ರಂದು ಯಾರೂ ಕೇಳದಿದ್ದರೂ ತಾವಾಗಿ ವಿಶ್ವಾಸಮತಕ್ಕೆ ಹೋದರು. ಸುಮಾರು 44 ಶತಕೋಟಿ ಯೂರೋ ಉಳಿಸುವ ಅವರ ಯೋಜನೆಯಲ್ಲಿ ಎರಡು ಸಾರ್ವಜನಿಕ ರಜೆಗಳನ್ನೇ ರದ್ದು ಮಾಡುವ ಪ್ರಸ್ತಾಪವಿತ್ತು. ಪರ 194, ವಿರುದ್ಧ 364. ಅಷ್ಟು ಸಾಲದ ಹೊರೆ ಇದೆ ಎಂದು ದೇಶವನ್ನು ಎಚ್ಚರಿಸಲು ಹಾಗೆ ಮಾಡಿದೆ ಎಂಬುದು ಅವರ ವಾದ. ಎಚ್ಚರಿಕೆ ಜನರಿಗೆ ತಲುಪಿತೋ ಇಲ್ಲವೋ, ಕುರ್ಚಿಯಂತೂ ಹೋಯಿತು.

ಮತವಿಲ್ಲದೆ ಕಾನೂನು

ಇನ್ನು 49.3. ಫ್ರೆಂಚರ ಬಾಯಲ್ಲಿ ಈ ಸಂಖ್ಯೆಯೇ ಒಂದು ಬೈಗುಳದಂತಾಗಿದೆ. ಸಂವಿಧಾನದ 49ನೇ ವಿಧಿಯ ಮೂರನೇ ಉಪವಿಧಿ ಇದು. ಬಜೆಟ್ ಮಸೂದೆ ಬಂದಾಗ ಪ್ರಧಾನಿ ಎದ್ದು ನಿಂತು, ಈ ಮಸೂದೆಯ ಮೇಲೆ ನನ್ನ ಸರ್ಕಾರವನ್ನೇ ಪಣಕ್ಕಿಡುತ್ತೇನೆ ಎನ್ನಬಹುದು. ಅಲ್ಲಿಗೆ ಚರ್ಚೆ ಬಂದ್. 24 ಗಂಟೆಯೊಳಗೆ ಅವಿಶ್ವಾಸ ಗೊತ್ತುವಳಿ ಬರದಿದ್ದರೆ ಮಸೂದೆ ಪಾಸ್. ಬಂದು ಬಿದ್ದುಹೋದರೂ ಪಾಸ್. ಗೆದ್ದರೆ ಮಾತ್ರ ಮಸೂದೆಯೂ ಹೋಗುತ್ತದೆ, ಸರ್ಕಾರವೂ ಹೋಗುತ್ತದೆ.

ಇದರಿಂದ ಸದಸ್ಯರ ಮುಂದಿರುವ ಪ್ರಶ್ನೆಯೇ ಬದಲಾಗುತ್ತದೆ. ಬಜೆಟ್ ಚೆನ್ನಾಗಿದೆಯಾ ಎಂದು ಯಾರೂ ಕೇಳುತ್ತಿಲ್ಲ. ಈ ಬಜೆಟ್‌ಗಾಗಿ ಸರ್ಕಾರ ಬೀಳಿಸುವಷ್ಟು ನಿಮಗೆ ಸಿಟ್ಟಿದೆಯಾ ಎಂಬುದೇ ಪ್ರಶ್ನೆ. ಮೊದಲನೆಯದಕ್ಕೆ ಇಲ್ಲ ಎನ್ನುವವರಲ್ಲಿ ಎಷ್ಟೋ ಮಂದಿ ಎರಡನೆಯದಕ್ಕೂ ಇಲ್ಲ ಎನ್ನುತ್ತಾರೆ. ಆ ಎರಡು ‘ಇಲ್ಲ’ಗಳ ನಡುವಿನ ಸಂದಿಯಲ್ಲಿ ಸರ್ಕಾರ ತೂರಿಕೊಳ್ಳುತ್ತದೆ.

ನಿವೃತ್ತಿ ವಯಸ್ಸನ್ನು 62ರಿಂದ 64ಕ್ಕೆ ಏರಿಸಿದ 2023ರ ಕಾನೂನು ಬಂದದ್ದೂ 49.3ರ ಮೂಲಕವೇ. ಆಗ ಲಕ್ಷಾಂತರ ಜನ ಬೀದಿಗಿಳಿದರು. ಆ ಗಾಯ ಇನ್ನೂ ಮಾಗಿಲ್ಲ. ಅದಕ್ಕೇ 2025ರ ಅಕ್ಟೋಬರ್‌ನಲ್ಲಿ ಲೆಕೊರ್ನು, 49.3 ಬಳಸುವುದಿಲ್ಲ ಎಂದು ಮಾತು ಕೊಟ್ಟಿದ್ದರು. ಸಾಮಾಜಿಕ ಭದ್ರತೆಯ ಬಜೆಟ್ ಮಟ್ಟಿಗೆ ಮಾತು ಉಳಿಸಿಕೊಂಡರು. ಡಿಸೆಂಬರ್ 16ರಂದು ಅದು 247–232 ಮತಗಳಿಂದ ನೇರವಾಗಿ ಗೆದ್ದಿತು. ಮುಖ್ಯ ಬಜೆಟ್ ಮಾತ್ರ ಡಿಸೆಂಬರ್ ಮುಗಿದರೂ ಮುಗಿಯಲಿಲ್ಲ. ನಮ್ಮ ಲೇಖಾನುದಾನದಂಥ ವಿಶೇಷ ಕಾನೂನಿನಿಂದ ಕೆಲಸ ಸಾಗಿಸಿದರು. ಕೊನೆಗೆ ಜನವರಿಯಲ್ಲಿ ಮಾತು ಮುರಿದು 49.3 ಪ್ರಯೋಗಿಸಿದರು. ವರಮಾನದ ಭಾಗಕ್ಕೊಮ್ಮೆ, ಖರ್ಚಿನ ಭಾಗಕ್ಕೊಮ್ಮೆ, ಅಂತಿಮ ಓದಿಗೊಮ್ಮೆ. ಪ್ರತಿ ಸಲವೂ ಅವಿಶ್ವಾಸ, ಪ್ರತಿ ಸಲವೂ ಅದಕ್ಕೆ ಸೋಲು.

ಬಾರ್ನಿಯೆ ಬಿದ್ದರು, ಲೆಕೊರ್ನು ಯಾಕೆ ಬೀಳಲಿಲ್ಲ?

ನಿಯಮ ಒಂದೇ, ಸದನವೂ ಒಂದೇ. 2024ರ ಡಿಸೆಂಬರ್ 4ರಂದು ಬಾರ್ನಿಯೆ ವಿರುದ್ಧ 331 ಮತ ಬಿತ್ತು. 2025ರ ಅಕ್ಟೋಬರ್ 16ರಂದು ಲೆಕೊರ್ನು ವಿರುದ್ಧ ಬಿದ್ದದ್ದು 271, ಬೇಕಿದ್ದಕ್ಕಿಂತ 18 ಕಡಿಮೆ. ನಡುವೆ ಆದದ್ದೇನು?

ಮೊದಲ ಕಾರಣ ಕ್ಯಾಲೆಂಡರ್. ಒಮ್ಮೆ ವಿಸರ್ಜನೆಯಾಗಿ ಚುನಾವಣೆ ನಡೆದರೆ ಒಂದು ವರ್ಷ ಮತ್ತೆ ವಿಸರ್ಜಿಸುವಂತಿಲ್ಲ ಎಂದು ಸಂವಿಧಾನ ಹೇಳುತ್ತದೆ. ಅಂದರೆ 2025ರ ಜುಲೈವರೆಗೆ ಮ್ಯಾಕ್ರನ್ ಕೈ ಕಟ್ಟಿತ್ತು. ಬಾರ್ನಿಯೆಯನ್ನು ಬೀಳಿಸಿದವರಿಗೆ ತಮ್ಮ ಸೀಟಿನ ಭಯ ಇರಲಿಲ್ಲ. ಪ್ರಧಾನಿ ಹೋದರೆ ಇನ್ನೊಬ್ಬ ಪ್ರಧಾನಿ, ಅಷ್ಟೇ. ಲೆಕೊರ್ನು ಕಾಲಕ್ಕೆ ಆ ಗಡುವು ಮುಗಿದಿತ್ತು. ಈಗ ಸರ್ಕಾರ ಬೀಳಿಸಿದರೆ ಮಧ್ಯಂತರ ಚುನಾವಣೆ ಎದುರಾಗಬಹುದು. ಸಮೀಕ್ಷೆಗಳಲ್ಲಿ ಮುಂದಿರುವುದು ಲೆ ಪೆನ್ ಪಕ್ಷ. 2024ರಲ್ಲಿ ಎಡ ಮತ್ತು ಮಧ್ಯಪಂಥದವರು ಎರಡನೇ ಸುತ್ತಿನಲ್ಲಿ ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಟ್ಟು ಆ ಪಕ್ಷವನ್ನು ತಡೆದಿದ್ದರು. ಮತ್ತೊಮ್ಮೆ ಅದೇ ಹೊಂದಾಣಿಕೆ ಆಗುತ್ತದೆಂಬ ಖಾತ್ರಿ ಯಾರಿಗೂ ಇಲ್ಲ.

ಎರಡನೆಯದು ಚೌಕಾಸಿ. ಬಾರ್ನಿಯೆ ಮಾತುಕತೆ ನಡೆಸಿದ್ದು ಲೆ ಪೆನ್ ಜೊತೆ. ವಿದ್ಯುತ್ ಮೇಲಿನ ತೆರಿಗೆ ಏರಿಕೆ ಕೈಬಿಟ್ಟರು. ಬೇಡಿಕೆ ಅಲ್ಲಿಗೆ ನಿಲ್ಲಲಿಲ್ಲ. ಪಿಂಚಣಿ ಏರಿಕೆಯನ್ನು ಮುಂದೂಡಬಾರದು ಎಂಬ ಷರತ್ತು ಬಂತು, ಮಾತು ಮುರಿಯಿತು. ಚುನಾವಣೆಯಿಂದ ಲಾಭವಾಗುವ ಪಕ್ಷಕ್ಕೆ ಸರ್ಕಾರ ಉಳಿಸುವ ದರ್ದು ಏನಿದೆ? ಲೆಕೊರ್ನು ಆ ತಪ್ಪು ಮಾಡಲಿಲ್ಲ. ಚುನಾವಣೆಗೆ ಹೆದರುವವರ ಹತ್ತಿರ ಹೋದರು. ಅಕ್ಟೋಬರ್ 14ರಂದು ಸದನದಲ್ಲಿ ನಿಂತು, ನಿವೃತ್ತಿ ವಯಸ್ಸಿನ ಏರಿಕೆಯನ್ನು 2028ರ ಜನವರಿವರೆಗೆ ತಡೆಹಿಡಿಯುವುದಾಗಿ ಘೋಷಿಸಿದರು. ಮ್ಯಾಕ್ರನ್ ಅವರ ಎರಡನೇ ಅವಧಿಯ ದೊಡ್ಡ ಸಾಧನೆ ಎನ್ನಿಸಿಕೊಂಡದ್ದನ್ನೇ ಪಕ್ಕಕ್ಕಿಟ್ಟರು. ಎರಡು ದಿನದ ನಂತರ ಸೋಷಲಿಸ್ಟರ 69 ಮಂದಿಯಲ್ಲಿ 7 ಜನ ಮಾತ್ರ ಅವಿಶ್ವಾಸದ ಪರ ಮತ ಹಾಕಿದರು.

ಸಣ್ಣದೊಂದು ವಿಷಯ ಇಲ್ಲಿ ಮುಖ್ಯ. ಎಡಪಕ್ಷಗಳು ಗೊತ್ತುವಳಿ ತಂದರೆ ಲೆ ಪೆನ್ ಪಕ್ಷ ಅದಕ್ಕೂ ಮತ ಹಾಕುತ್ತದೆ. ಲೆ ಪೆನ್ ಪಕ್ಷ ತಂದರೆ ಎಡದವರು ಮುಟ್ಟುವುದಿಲ್ಲ. ಹಾಗಾಗಿಯೇ ಒಂದೇ ದಿನ ಒಂದೇ ಸರ್ಕಾರದ ಮೇಲಿನ ಎರಡು ಗೊತ್ತುವಳಿಗಳಲ್ಲಿ ಒಂದಕ್ಕೆ 271, ಇನ್ನೊಂದಕ್ಕೆ 144. ಎರಡನೆಯದು ಬರೀ ಪ್ರದರ್ಶನ. ನಿಜವಾದ ಅಪಾಯ ಇರುವುದು ಮೊದಲನೆಯದರಲ್ಲಿ, ಅದರಲ್ಲೂ ಸೋಷಲಿಸ್ಟರ ಸಾಲಿನಲ್ಲಿ.

ಬೆಂಬಲಕ್ಕೆ ಬೆಲೆ ಎಷ್ಟು?

ನಿವೃತ್ತಿ ವಯಸ್ಸಿನ ಏರಿಕೆ ತಡೆದದ್ದರಿಂದ 2026ರಲ್ಲಿ 40 ಕೋಟಿ ಯೂರೋ, 2027ರಲ್ಲಿ 180 ಕೋಟಿ ಯೂರೋ ಹೊರೆ ಬೀಳುತ್ತದೆ ಎಂದು ಲೆಕೊರ್ನು ಅವರೇ ಸದನಕ್ಕೆ ಹೇಳಿದ್ದರು. ಜನವರಿಯಲ್ಲಿ ಮತ್ತೊಂದು ಕಂತು ಕೊಡಬೇಕಾಯಿತು. ಎಲ್ಲ ವಿದ್ಯಾರ್ಥಿಗಳಿಗೂ ಒಂದು ಯೂರೋಗೆ ಊಟ, ಕಡಿಮೆ ಸಂಬಳದ ದುಡಿಯುವವರಿಗೆ ಸಿಗುವ ಭತ್ಯೆಯಲ್ಲಿ ಏರಿಕೆ, ದೊಡ್ಡ ಕಂಪನಿಗಳ ಮೇಲಿನ ಹೆಚ್ಚುವರಿ ತೆರಿಗೆಯ ಮುಂದುವರಿಕೆ. ಸೋಷಲಿಸ್ಟರು ಮತ್ತೆ ಸುಮ್ಮನಾದರು.

ಅಲ್ಪಮತದ ಸರ್ಕಾರಗಳು ಉಳಿದದ್ದು ಭಾರತದಲ್ಲೂ ಉಂಟು. 1993ರ ಜುಲೈ 28ರಂದು ನರಸಿಂಹ ರಾವ್ ಸರ್ಕಾರದ ವಿರುದ್ಧದ ಅವಿಶ್ವಾಸ 251–265ರಲ್ಲಿ ಬಿದ್ದಿತು. ಆ ಮತಗಳಲ್ಲಿ ಕೆಲವಕ್ಕೆ ಹಣ ಕೊಡಲಾಗಿತ್ತು ಎಂಬ ಜೆಎಂಎಂ ಪ್ರಕರಣ ವರ್ಷಗಟ್ಟಲೆ ನಡೆಯಿತು. ಲಂಚ ಪಡೆದು ಸದನದಲ್ಲಿ ಮತ ಹಾಕಿದವರಿಗೆ ಕಾನೂನಿನ ರಕ್ಷಣೆ ಇದೆ ಎಂದು ಸುಪ್ರೀಂ ಕೋರ್ಟ್ 1998ರಲ್ಲಿ ಹೇಳಿತ್ತು. ಏಳು ನ್ಯಾಯಮೂರ್ತಿಗಳ ಪೀಠ 2024ರ ಮಾರ್ಚ್‌ನಲ್ಲಿ ಆ ತೀರ್ಪನ್ನು ತಳ್ಳಿಹಾಕಿತು.

ಫ್ರಾನ್ಸ್‌ನಲ್ಲಿ ನಡೆದದ್ದೂ ವ್ಯಾಪಾರವೇ, ಆದರೆ ಬಾಗಿಲು ತೆರೆದಿಟ್ಟು. ಯಾರು ಏನು ಕೇಳಿದರು, ಸರ್ಕಾರ ಏನು ಕೊಟ್ಟಿತು ಎಂಬುದು ಮರುದಿನದ ಪತ್ರಿಕೆಯಲ್ಲಿತ್ತು. ಅಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಇಲ್ಲ. ಪಕ್ಷದ ಮಾತು ಮೀರಿದ ಆ 7 ಸೋಷಲಿಸ್ಟರ ಸದಸ್ಯತ್ವಕ್ಕೆ ಏನೂ ಆಗಲಿಲ್ಲ. ನಮ್ಮಲ್ಲಿ ಕಾಯ್ದೆ ಇದೆ, ಆದರೂ 2019ರಲ್ಲಿ 17 ಶಾಸಕರು ಅನರ್ಹರಾದರು, ಸರ್ಕಾರವೂ ಹೋಯಿತು. ಕಾಯ್ದೆ ಇದ್ದ ಮಾತ್ರಕ್ಕೆ ಸರ್ಕಾರ ಗಟ್ಟಿಯಾಗುತ್ತದೆ ಎಂದು ನಂಬುವವರು ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು.

ಯಾರ ವಾದ ಏನು?

ಇದು ಪ್ರಜಾಪ್ರಭುತ್ವದ ಅಣಕ ಎನ್ನುತ್ತದೆ ಎಲ್‌ಎಫ್‌ಐ. ಮ್ಯಾಕ್ರನ್ ಸೋತ ಮೇಲೂ ಅವರ ಆಪ್ತರೇ ಪ್ರಧಾನಿ, ಸೋಷಲಿಸ್ಟರು ಅವರಿಗೆ ಊರುಗೋಲು ಎಂಬುದು ಅದರ ಸಿಟ್ಟು. ಲೆ ಪೆನ್ ಪಕ್ಷ ಚುನಾವಣೆಯೊಂದೇ ದಾರಿ ಎನ್ನುತ್ತದೆ. ಸಾಂಪ್ರದಾಯಿಕ ಬಲಪಂಥದವರ ಕೊರಗು ಬೇರೆ. ಸಾಲ ದೇಶದ ಒಟ್ಟು ಉತ್ಪನ್ನವನ್ನೇ ಮೀರಿ ಬೆಳೆದಿದೆ, ಸಾಲ ತೀರಿಸುವ ಶಕ್ತಿ ಅಳೆಯುವ ಎರಡು ದೊಡ್ಡ ರೇಟಿಂಗ್ ಸಂಸ್ಥೆಗಳು 2025ರ ಶರತ್ಕಾಲದಲ್ಲಿ ದರ್ಜೆ ಇಳಿಸಿವೆ, ಇಂಥ ಹೊತ್ತಿನಲ್ಲಿ ಕುರ್ಚಿ ಉಳಿಸಲು ಖರ್ಚು ಮಾಡುತ್ತೀರಾ ಎಂದು ಅವರು ಕೇಳುತ್ತಾರೆ. ಇದು ತೂಕವಿರುವ ಪ್ರಶ್ನೆ. ಬಜೆಟ್ ಕೊರತೆಗೆ ಐರೋಪ್ಯ ಒಕ್ಕೂಟದ ಮಿತಿ ಒಟ್ಟು ಉತ್ಪನ್ನದ ಶೇ 3. ಫ್ರಾನ್ಸ್ 2026ಕ್ಕೆ ಗುರಿ ಇಟ್ಟುಕೊಂಡಿರುವ ಕೊರತೆಯೇ ಶೇ 5ರ ಹತ್ತಿರ.

ಸೋಷಲಿಸ್ಟರು ಹೇಳುವುದು ಇಷ್ಟು: ಬೀಳಿಸಿದ್ದರೆ ಕೈಗೆ ಏನೂ ಸಿಗುತ್ತಿರಲಿಲ್ಲ, ಸುಮ್ಮನಿದ್ದು ನಿವೃತ್ತಿ ವಯಸ್ಸಿನ ಏರಿಕೆಗೆ ತಡೆ ಗಿಟ್ಟಿಸಿದೆವು. ವಿರೋಧ ಪಕ್ಷದಲ್ಲಿ ಕೂತು ಸರ್ಕಾರದ ದೊಡ್ಡ ಕಾನೂನನ್ನೇ ನಿಲ್ಲಿಸಿದ್ದು ಸಣ್ಣ ಕೆಲಸವೇನಲ್ಲ. ಆದರೆ ಈ ಲಾಭವನ್ನು ಮತದಾರರಿಗೆ ವಿವರಿಸುವುದು ಕಷ್ಟ. ಸರ್ಕಾರದಲ್ಲೂ ಇಲ್ಲ, ಬೀಳಿಸುವವರಲ್ಲೂ ಇಲ್ಲ ಎನ್ನಿಸಿಕೊಂಡ ಪಕ್ಷಕ್ಕೆ ಎರಡೂ ಕಡೆಯ ಬೈಗುಳ ಗ್ಯಾರಂಟಿ.

ಮುಂದೇನು?

ಬಜೆಟ್ ದಾಟಿದ ಮೇಲೆ ಸರ್ಕಾರಕ್ಕೆ ಉಸಿರಾಡಲು ಜಾಗ ಸಿಕ್ಕಿದೆ. 49.3 ಅಸ್ತ್ರ ಬಜೆಟ್‌ಗಳಿಗೆ ಎಷ್ಟು ಸಲ ಬೇಕಾದರೂ ಬಳಸಬಹುದು. ಬೇರೆ ಮಸೂದೆಗಳಾದರೆ ಅಧಿವೇಶನಕ್ಕೆ ಒಂದೇ ಮಸೂದೆಗೆ. ಅಂದರೆ ದೊಡ್ಡ ಸುಧಾರಣೆ ತರುವ ಶಕ್ತಿ ಈ ಸರ್ಕಾರಕ್ಕಿಲ್ಲ. ವಿವಾದವಿಲ್ಲದ ಮಸೂದೆಗಳಷ್ಟೇ ಸಾಗುತ್ತವೆ. ಉಳಿದದ್ದು ಕಡತದಲ್ಲಿ ಕೊಳೆಯುತ್ತದೆ.

ಮುಂದಿನ ಬಜೆಟ್‌ನ ಮಸೂದೆ 2026ರ ಶರತ್ಕಾಲದಲ್ಲಿ ಬರಬೇಕು. ಆಗ ಲೆಕ್ಕ ಮತ್ತೆ ಏರುಪೇರಾಗುತ್ತದೆ. 2027ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಚುನಾವಣೆ. ಸತತ ಎರಡನೇ ಅವಧಿಯಲ್ಲಿರುವ ಮ್ಯಾಕ್ರನ್ ಅದರಲ್ಲಿ ನಿಲ್ಲುವಂತಿಲ್ಲ. ಅದು ಹತ್ತಿರವಾದಷ್ಟೂ ಸರ್ಕಾರದ ಪಕ್ಕ ಕಾಣಿಸಿಕೊಳ್ಳುವುದು ಎಲ್ಲ ಪಕ್ಷಕ್ಕೂ ದುಬಾರಿ. ಇನ್ನೊಂದು ಕಡೆ, ಕೆಲವೇ ತಿಂಗಳಲ್ಲಿ ಅಧ್ಯಕ್ಷರೇ ಬದಲಾಗುವಾಗ ಈಗಲೇ ಸರ್ಕಾರ ಬೀಳಿಸಿ ಮಾಡುವುದೇನು ಎಂಬ ಆಲಸ್ಯವೂ ಕೆಲಸ ಮಾಡುತ್ತದೆ. ಸೋಷಲಿಸ್ಟರ ಕೂಗಿಗೆ ಕೊಡಲು ಪಿಂಚಣಿಯಷ್ಟು ದೊಡ್ಡದು ಲೆಕೊರ್ನು ಬಳಿ ಇನ್ನು ಉಳಿದಿಲ್ಲ.

ಪಿಂಚಣಿ ಪ್ರಶ್ನೆಯೂ ಬಗೆಹರಿದಿಲ್ಲ, ಮುಂದಕ್ಕೆ ಹೋಗಿದೆ ಅಷ್ಟೇ. ತಡೆ ಮುಗಿಯುವುದು 2028ರ ಜನವರಿಯಲ್ಲಿ. 62 ವರ್ಷ 9 ತಿಂಗಳಿಗೆ ನಿಂತಿರುವ ನಿವೃತ್ತಿ ವಯಸ್ಸನ್ನು ಮತ್ತೆ ಏರಿಸಬೇಕೋ, ಅಲ್ಲಿಗೇ ಬಿಡಬೇಕೋ, ಇಳಿಸಬೇಕೋ ಎಂದು ತೀರ್ಮಾನಿಸುವವರು 2027ರಲ್ಲಿ ಗೆದ್ದು ಬರುವ ಅಧ್ಯಕ್ಷರು ಮತ್ತು ಅವರಿಗೆ ಸಿಗುವ ಸದನ.